ಇನ್ನೂರಕ್ಕೆ ಒಂದು ಕಮ್ಮಿ

ಪರೇಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಇಪ್ಪತ್ತೆರಡು ವರ್ಷ ಚಾದರ ಎಣಿಸಿದ್ದೇನೆ.
ಬರಹ ಮರಾಠಿಯಲ್ಲಿ, ಬೈಗುಳ ಹಿಂದಿಯಲ್ಲಿ,
ಎಣಿಕೆ ಮಾತ್ರ ಕನ್ನಡದಲ್ಲಿ,
ಒಂದು ಅನ್ನದೆ ಲಾಭ ಎಂದು ಶುರು,
ನಮ್ಮೂರಲ್ಲಿ ಜೋಳ ಅಳೆಯುವ ಹಾಗೆ.

ಇನ್ನೂರು ಹೋದವು, ಇನ್ನೂರು ಬಂದವು, ಸಹಿ.
ಯಾವ ಇನ್ನೂರು ಎಂದು ಯಾರೂ ಕೇಳುವುದಿಲ್ಲ.
ಬಂದದ್ದರಲ್ಲಿ ನಾಲ್ಕು
ಆಚೆಯ ಹೆರಿಗೆ ಆಸ್ಪತ್ರೆಯವು ಇದ್ದಾವು,
ನಮ್ಮ ನಾಲ್ಕು ಅಲ್ಲಿ.
ಬಿಳಿಗೆ ಬಿಳಿ. ಲೆಕ್ಕ ಚುಕ್ತಾ.

ಸೇತುವೆ ಮೇಲಿಂದ ಟೂರಿಸ್ಟರು ಫೋಟೋ ಹೊಡೆಯುವ
ಮಹಾಲಕ್ಷ್ಮಿಯ ಘಾಟಿನಲ್ಲಿ ಯಲ್ಲಯ್ಯನ ಕಲ್ಲು.
ಗಂಟು ಹೊತ್ತು ತರುವವನು ಅವನ ಮಗ ಭಾನುಚಂದರ್.
ಲಿಫ್ಟಿಗೆ ಕಾಯುತ್ತ ಮೊಬೈಲು ತೋರಿಸಿದ:
"ಅಕ್ಕಾ, ಇದು ಕಾಯಿನ್ನು. ನಂದೊಂದು ನಿಮಗೆ ಕೊಟ್ಟು
ನಿಮ್ದೊಂದು ನಾನು ತಗೊಂಡರೆ
ಏನೂ ಆಗಲಿಲ್ಲ ಅಂತಲೇ ಲೆಕ್ಕ.
ಇದು ಬೇರೆ. ಇದು ಟೋಕನ್ನು. ಇಂಥದ್ದು ಇದೊಂದೇ."

ಇದು ಎಂದರೆ ಒಂದು ಚಿತ್ರ:
ಕೂಲಿಂಗ್ ಗ್ಲಾಸು ಹಾಕಿದ ಹಸಿರು ಕಾಗೆ.
ಹನ್ನೊಂದು ಸಾವಿರ ಕೊಟ್ಟನಂತೆ.
ನನ್ನ ಫೋನಿಗೂ ಕಳಿಸಿದ, ನೋಡಲೆಂದು.
ಈಗ ನನ್ನ ಹತ್ತಿರವೂ ಇದೆಯಲ್ಲೋ ಕಾಗೆ, ಅಂದೆ.
"ಕಾಗೆ ಇದೆ. ಕಾಗೆ ನಿಮ್ಮದಲ್ಲ.
ನಂದು ಅಂತ ಸಾವಿರ ಕಡೆ ಬರೆದಿಟ್ಟಿದೆ,
ಯಾರಿಗೂ ಅಳಿಸಲಿಕ್ಕಾಗದು. ಕೊಂಡದ್ದು ಆ ಬರಹ."

ಅರ್ಥವಾಯಿತು, ಅರ್ಧ.
ಅವನಪ್ಪ ಮಾಡುವುದೂ ಅದೇ ತಾನೆ,
ಚಾದರಕ್ಕೆ ಎಣಿಕೆ, ಮನೆಬಟ್ಟೆಗೆ ಗುರುತು.
ಕಾಲರಿನ ಒಳಮಗ್ಗುಲಲ್ಲಿ ಕಪ್ಪು ಶಾಯಿ,
ಎರಡು ಗೀರು ಒಂದು ಚುಕ್ಕಿ ವರ್ಲಿಯ ಜಡ್ಜು,
ಮೂರು ಚುಕ್ಕಿ ಅಡ್ಡಗೆರೆ ಬ್ಯಾಂಕಿನವ.
ಅಕ್ಷರ ಬಾರದ ಯಲ್ಲಯ್ಯ ಅಂಗಿ ಓದುತ್ತಾನೆ.
ಗುರುತಿನಿಂದ ಅಂಗಿ ಚೆಂದವಾಗುವುದಿಲ್ಲ,
ಯಾರದೆಂದು ತಿಳಿಯುತ್ತದೆ, ಅಷ್ಟೇ.

ಭಾನುವಿಗೆ ಹೇಳದ್ದು ಒಂದಿದೆ.
ಅವನಿನ್ನೂ ಶಾಲೆಗೆ ಹೋಗುತ್ತಿದ್ದ ವರ್ಷ
ಕೆಳಗಿಳಿದು ಬಂದಳು ಒಬ್ಬಳು, ಭಾಂಡುಪಿನವಳು,
ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು.
ಒಂಬತ್ತನೆಯ ಮಂಚದಲ್ಲಿ ಅವಳ ತಮ್ಮ ಹೋಗಿ ಮೂರು ದಿನ.
"ಅವನು ಮಲಗಿದ್ದ ಚಾದರ ಕೊಡಿ. ದುಡ್ಡು ಕೊಡ್ತೀನಿ."

ಮೂರು ದಿನವೆಂದರೆ, ತಾಯಿ,
ಅದು ಭಟ್ಟಿಯಲ್ಲಿ ಕುದಿದು, ಹಗ್ಗದ ಮೇಲೆ ಒಣಗಿ,
ಆಗಲೇ ಬೇರೆ ಮೈಯೊಂದರ ಕೆಳಗೆ ಮಲಗಿತ್ತು.
ಹೇಳಬೇಕಿತ್ತು. ಹೇಳಲಿಲ್ಲ.
ರಾಶಿಯ ಮೇಲಿನದನ್ನು ಮುಟ್ಟಲಿಲ್ಲ, ನಂಬುವುದಿಲ್ಲವೆಂದು;
ಹುಡುಕುವವಳ ಹಾಗೆ ನಡುವೆ ಕೈಹಾಕಿ
ಒಂದನ್ನು ಎಳೆದೆ. ಅಂಚಿನಲ್ಲಿ ತೇಪೆ ಹೊಲಿಗೆ.
ಆ ಹೊಲಿಗೆಗೆ ಬೆರಳು ತಾಗಿಸಿ "ಹೌದು," ಎಂದಳು,
"ರಾತ್ರಿಯೆಲ್ಲ ಇದನ್ನೇ ಉಜ್ಜುತ್ತಿದ್ದ."

ಬಗಲಲ್ಲಿ ಅವುಚಿಕೊಂಡು,
ಲಿಫ್ಟು ಬೇಡವೆಂದು, ಮೆಟ್ಟಿಲು ಹತ್ತಿದಳು.
ಪುಸ್ತಕದಲ್ಲಿ ಬರೆದೆ: ಹರಿದದ್ದು, ಒಂದು.
ಸುಳ್ಳು ಬರಹ, ಇರುವುದೂ ಒಂದೇ ಕಡೆ,
ಒಂದು ರಬ್ಬರು ಸಾಕು.

ಕಾಗೆಗೆ ಈಗ ನಲವತ್ತು ರೂಪಾಯಿಯೂ ಹುಟ್ಟದಂತೆ.
ಆದರೂ ನಂದೇ ಅಕ್ಕಾ, ಎನ್ನುತ್ತಾನೆ ಗಂಟು ಬಿಚ್ಚುತ್ತ.
ಲಾಭ, ಎರಡು, ಮೂರು...
ಎಣಿಸುತ್ತ ಎಣಿಸುತ್ತ ಅಂಚು ತಡವುತ್ತೇನೆ,
ರಾತ್ರಿಯೆಲ್ಲ ಉಜ್ಜಿ ಸವೆದ ಇನ್ನೊಂದು ಹೊಲಿಗೆ
ಈ ಬಿಳಿಯೊಳಗೆ ಎಲ್ಲಾದರೂ
ಇನ್ನೂ ಹೋಗಿ ಬರುತ್ತಿದೆಯೋ ಎಂದು.